ಹಲವು ಮಾಡ್ಯೂಲ್‌ಗಳು, ಒಂದೇ ಸ್ಥಿತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರೋಗ್ರಾಮ್ ಒಂದೇ ಕಡತದಲ್ಲಿ ಇರುವವರೆಗೆ ಕಾಣದ ತೊಡಕೊಂದು, ಅದನ್ನು ನಾಲ್ಕಾರು ಮಾಡ್ಯೂಲ್‌ಗಳಾಗಿ, ಅಂದರೆ ಬೇರೆ ಬೇರೆ ಕಡತಗಳಾಗಿ, ಒಡೆದ ಕೂಡಲೇ ಎದುರಾಗುತ್ತದೆ. ಎಲ್ಲ ಮಾಡ್ಯೂಲ್‌ಗಳಿಗೂ ಬೇಕಾದ, ಪ್ರೋಗ್ರಾಮ್ ನಡೆಯುತ್ತಿರುವಾಗಲೇ ಬದಲಾಗುವ ಮಾಹಿತಿಯನ್ನು, ಅಂದರೆ ಅಪ್ಲಿಕೇಶನ್‌ನ ಸ್ಥಿತಿಯನ್ನು, ಎಲ್ಲಿ ಇಡಬೇಕು ಮತ್ತು ಅದನ್ನು ಬದಲಿಸುವ ಹಕ್ಕು ಯಾರಿಗಿರಬೇಕು? ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲ ಇದರ ಸುತ್ತಲಿನವು. ಹೆಚ್ಚಿನವು ಪೈಥಾನ್ ಭಾಷೆಗೆ ಸಂಬಂಧಿಸಿದವಾದ್ದರಿಂದ ಉದಾಹರಣೆಗಳನ್ನೂ ಅದರಿಂದಲೇ ಕೊಟ್ಟಿದೆ.

ಇಂಪೋರ್ಟ್, ಫ್ರಮ್, ಗ್ಲೋಬಲ್ ಮುಂತಾದ ಕೀಲಿಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಮುದ್ರಿಸಿದ್ದರೂ ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಇರಬೇಕು. ಮಾಡ್ಯೂಲ್ ಮತ್ತು ವೇರಿಯಬಲ್‌ಗಳ ಹೆಸರುಗಳನ್ನು ಮಾತ್ರ ಪೈಥಾನ್ 3ರಲ್ಲಿ ಕನ್ನಡದಲ್ಲಿಯೇ ಇಡಬಹುದು. ಆದರೆ ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಾವು ಬಳಸುವ ಕಾಣದ ಅಕ್ಷರವನ್ನು ಪೈಥಾನ್ ಹೆಸರಿನ ಭಾಗವೆಂದು ಒಪ್ಪುವುದಿಲ್ಲ. ಅದು ಇಲ್ಲದ ಪದಗಳನ್ನೇ ಹೆಸರಾಗಿ ಆರಿಸಿಕೊಳ್ಳಿ.

ಪ್ರಶ್ನೆ: ನಮ್ಮೂರಿನ ಗ್ರಂಥಾಲಯಕ್ಕಾಗಿ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಮ್ ಬರೆಯುತ್ತಿದ್ದೇನೆ. ‘ಸ್ಥಿತಿ’ ಎಂಬ ಮಾಡ್ಯೂಲ್‌ನಲ್ಲಿ ‘ಭಾಷೆ’ ಎಂಬ ವೇರಿಯಬಲ್ ಮತ್ತು ‘ಸದಸ್ಯರು’ ಎಂಬ ಪಟ್ಟಿ ಇವೆ. ‘ವರದಿ’ ಮಾಡ್ಯೂಲ್‌ನ ಮೊದಲ ಸಾಲಿನಲ್ಲಿ ಇವೆರಡನ್ನೂ ‘ಫ್ರಮ್ ಸ್ಥಿತಿ ಇಂಪೋರ್ಟ್ ಭಾಷೆ, ಸದಸ್ಯರು’ ಎಂದು ತರಿಸಿಕೊಂಡಿದ್ದೇನೆ. ಬಳಕೆದಾರರು ಭಾಷೆಯನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ಬದಲಿಸಿದ ಮೇಲೂ ವರದಿ ಇಂಗ್ಲಿಷ್‌ನಲ್ಲಿಯೇ ಬರುತ್ತದೆ. ಹೊಸ ಸದಸ್ಯರನ್ನು ಸೇರಿಸಿದರೆ ಮಾತ್ರ ಅವರ ಹೆಸರು ವರದಿಯಲ್ಲಿ ಸರಿಯಾಗಿ ಕಾಣಿಸುತ್ತದೆ. ‘ಗ್ಲೋಬಲ್’ ಎಂದು ಬರೆದು ನೋಡಿದರೂ ಪ್ರಯೋಜನವಾಗಲಿಲ್ಲ. ಒಂದೇ ಮಾಡ್ಯೂಲ್‌ನ ಎರಡು ವೇರಿಯಬಲ್‌ಗಳು ಹೀಗೆ ಬೇರೆ ಬೇರೆಯಾಗಿ ವರ್ತಿಸುವುದೇಕೆ?
(ಡಿಪ್ಲೊಮಾ ವಿದ್ಯಾರ್ಥಿನಿ, ಹಾಸನ)

ಉತ್ತರ: ಎರಡೂ ಒಂದೇ ನಿಯಮದಂತೆ ನಡೆದುಕೊಳ್ಳುತ್ತಿವೆ, ನೀವು ಅವುಗಳ ಮೇಲೆ ಮಾಡುತ್ತಿರುವ ಕೆಲಸ ಬೇರೆ ಬೇರೆ. ಪೈಥಾನ್‌ನಲ್ಲಿ ವೇರಿಯಬಲ್ ಎಂಬುದು ಮೆಮೊರಿಯಲ್ಲಿರುವ ಒಂದು ಆಬ್ಜೆಕ್ಟ್‌ಗೆ ಕೊಟ್ಟ ಹೆಸರು ಮಾತ್ರ. ಪ್ರತಿಯೊಂದು ಮಾಡ್ಯೂಲ್‌ಗೂ ಅಂಥ ಹೆಸರುಗಳ ಪ್ರತ್ಯೇಕ ಡಿಕ್ಷನರಿ, ಅಂದರೆ ಯಾವ ಹೆಸರು ಯಾವ ಆಬ್ಜೆಕ್ಟ್‌ನದ್ದು ಎಂಬ ನೋಂದಣಿ, ಇರುತ್ತದೆ. ‘ಫ್ರಮ್ ಸ್ಥಿತಿ ಇಂಪೋರ್ಟ್ ಭಾಷೆ’ ಎಂಬ ಸಾಲು ನಡೆದಾಗ, ಆ ಕ್ಷಣದಲ್ಲಿ ‘ಸ್ಥಿತಿ’ಯಲ್ಲಿರುವ ‘ಭಾಷೆ’ ಎಂಬ ಹೆಸರು ಯಾವ ಆಬ್ಜೆಕ್ಟನ್ನು ಸೂಚಿಸುತ್ತಿದೆಯೋ ಅದನ್ನು ಪೈಥಾನ್ ಹುಡುಕಿ, ‘ವರದಿ’ಯ ಡಿಕ್ಷನರಿಯಲ್ಲಿ ಅದೇ ಆಬ್ಜೆಕ್ಟ್‌ಗೆ ‘ಭಾಷೆ’ ಎಂಬ ಇನ್ನೊಂದು ಹೆಸರನ್ನು ನಮೂದಿಸುತ್ತದೆ. ಅಲ್ಲಿಂದ ಮುಂದೆ ಆ ಎರಡು ಹೆಸರುಗಳಿಗೆ ಪರಸ್ಪರ ಸಂಬಂಧವಿಲ್ಲ. ಪಕ್ಕದ ಮನೆಯವರ ಫೋನ್ ಸಂಖ್ಯೆಯನ್ನು ನಮ್ಮ ಡೈರಿಯಲ್ಲಿ ಬರೆದುಕೊಂಡ ಮೇಲೆ ಅವರು ಸಂಖ್ಯೆ ಬದಲಿಸಿದರೆ ನಮ್ಮ ಡೈರಿ ತಾನಾಗಿ ತಿದ್ದಿಕೊಳ್ಳುವುದಿಲ್ಲವಲ್ಲ, ಇದೂ ಹಾಗೆಯೇ. ‘ಸ್ಥಿತಿ’ಯಲ್ಲಿ ‘ಭಾಷೆ’ಗೆ ‘ಕನ್ನಡ’ ಎಂಬ ಹೊಸ ಸ್ಟ್ರಿಂಗ್ (ಅಕ್ಷರಗಳ ಸಾಲು) ನಿಯೋಜಿಸಿದಾಗ ಅಲ್ಲಿನ ಹೆಸರು ಹೊಸ ಆಬ್ಜೆಕ್ಟ್‌ನತ್ತ ತಿರುಗುತ್ತದೆ. ‘ವರದಿ’ಯಲ್ಲಿರುವ ಹೆಸರು ಹಳೆಯ ‘ಇಂಗ್ಲಿಷ್’ ಎಂಬ ಸ್ಟ್ರಿಂಗನ್ನೇ ಹಿಡಿದುಕೊಂಡಿರುತ್ತದೆ.

ಸದಸ್ಯರ ಪಟ್ಟಿಯ ವಿಷಯದಲ್ಲಿ ನೀವು ಹೆಸರನ್ನು ಬದಲಿಸುತ್ತಿಲ್ಲ. ‘ಸದಸ್ಯರು.ಅಪೆಂಡ್’ ಎಂದಾಗ ಎರಡೂ ಹೆಸರುಗಳು ಸೂಚಿಸುತ್ತಿರುವ ಒಂದೇ ಪಟ್ಟಿಯ ಒಳಗೆ ಹೊಸ ಅಂಶವೊಂದು ಸೇರುತ್ತದೆ, ಆದ್ದರಿಂದ ಬದಲಾವಣೆ ಎರಡೂ ಕಡೆ ಕಾಣುತ್ತದೆ. ಈ ಸೌಲಭ್ಯವನ್ನು ಮಾತ್ರ ನಂಬಿಕೊಳ್ಳಬೇಡಿ. ಮುಂದೊಂದು ದಿನ ಪಟ್ಟಿಯನ್ನು ಖಾಲಿ ಮಾಡಲೆಂದು ನೀವೋ ನಿಮ್ಮ ಸಹಪಾಠಿಯೋ ‘ಸ್ಥಿತಿ’ಯೊಳಗೆ ‘ಸದಸ್ಯರು’ ಎಂಬ ಹೆಸರಿಗೆ ಹೊಸದೊಂದು ಖಾಲಿ ಪಟ್ಟಿಯನ್ನು ನಿಯೋಜಿಸಿದರೆ, ಅಂದಿನಿಂದ ‘ವರದಿ’ ಹಳೆಯ ಪಟ್ಟಿಯನ್ನೇ ತೋರಿಸುತ್ತಾ ಹೋಗುತ್ತದೆ, ಯಾವ ದೋಷಸಂದೇಶವೂ ಬರುವುದಿಲ್ಲ. ಪಟ್ಟಿಯ ‘ಕ್ಲಿಯರ್’ ಮೆಥಡ್ ಬಳಸಿದರೆ ಅದೇ ಪಟ್ಟಿ ಖಾಲಿಯಾಗುತ್ತದೆ. ನೋಡಲು ಒಂದೇ ರೀತಿಯ ಫಲ ಕೊಡುವ ಈ ಎರಡು ಸಾಲುಗಳ ನಡುವಿನ ಅಂತರವನ್ನು ಕಲಿಯುವವರಿಗೆ ಆರಂಭದಲ್ಲಿಯೇ ಹೇಳಿಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

‘ಗ್ಲೋಬಲ್’ ಕೀಲಿಪದ ಇಲ್ಲಿ ನೆರವಾಗದಿರಲು ಕಾರಣ ಸರಳ. ಆ ಪದದ ವ್ಯಾಪ್ತಿ ಇಡೀ ಪ್ರೋಗ್ರಾಮ್ ಅಲ್ಲ, ಅದನ್ನು ಬರೆದಿರುವ ಮಾಡ್ಯೂಲ್ ಮಾತ್ರ. ‘ವರದಿ’ಯ ಫಂಕ್ಷನ್ ಒಂದರಲ್ಲಿ ಅದನ್ನು ಬಳಸಿ ‘ಭಾಷೆ’ಯನ್ನು ಬದಲಿಸಿದರೆ ಬದಲಾಗುವುದು ‘ವರದಿ’ಯ ಡಿಕ್ಷನರಿಯಲ್ಲಿರುವ ಹೆಸರೇ ಹೊರತು ‘ಸ್ಥಿತಿ’ಯಲ್ಲಿರುವುದಲ್ಲ.

ಪರಿಹಾರವೆಂದರೆ ಹೆಸರನ್ನು ತರಿಸಿಕೊಳ್ಳುವ ಬದಲು ಮಾಡ್ಯೂಲನ್ನೇ ತರಿಸಿಕೊಳ್ಳುವುದು. ‘ಇಂಪೋರ್ಟ್ ಸ್ಥಿತಿ’ ಎಂದು ಬರೆದು, ಬೇಕಾದಲ್ಲೆಲ್ಲ ‘ಸ್ಥಿತಿ.ಭಾಷೆ’ ಎಂದು ಬಳಸಿ. ಚುಕ್ಕೆ ಹಾಕಿದ ಪ್ರತಿ ಸಲವೂ ಪೈಥಾನ್ ಆ ಮಾಡ್ಯೂಲ್‌ನ ಡಿಕ್ಷನರಿಯಲ್ಲಿ ಹೊಸದಾಗಿ ಹುಡುಕುತ್ತದೆ, ಹಾಗಾಗಿ ಯಾವಾಗಲೂ ಈಗಿನ ಮೌಲ್ಯವೇ ಸಿಗುತ್ತದೆ. ಹಲವು ಕಡತಗಳು ಇಂಪೋರ್ಟ್ ಮಾಡಿದರೂ ‘ಸ್ಥಿತಿ’ಯ ಪ್ರತಿ ಒಂದೇ ಇರುತ್ತದೆ. ಮೊದಲ ಇಂಪೋರ್ಟ್ ನಡೆದಾಗ ಮಾತ್ರ ಪೈಥಾನ್ ಆ ಕಡತದ ಸಾಲುಗಳನ್ನು ನಡೆಸಿ, ಸಿದ್ಧವಾದ ಮಾಡ್ಯೂಲನ್ನು ‘ಸಿಸ್.ಮಾಡ್ಯೂಲ್ಸ್’ ಎಂಬ ಡಿಕ್ಷನರಿಯಲ್ಲಿ ಇಟ್ಟುಕೊಳ್ಳುತ್ತದೆ. ನಂತರ ಕೇಳಿದವರಿಗೆಲ್ಲ ಅದನ್ನೇ ಕೊಡುತ್ತದೆ. ಪೈಥಾನ್‌ನ ಅಧಿಕೃತ ಪ್ರಶ್ನೋತ್ತರಗಳಲ್ಲಿಯೂ ಇದೇ ಸಲಹೆ ಇದೆ: ಹಂಚಿಕೊಳ್ಳಬೇಕಾದ ಮಾಹಿತಿಗೆಂದೇ ಒಂದು ಮಾಡ್ಯೂಲ್ ಮಾಡಿ, ಅದನ್ನು ಉಳಿದ ಮಾಡ್ಯೂಲ್‌ಗಳಲ್ಲಿ ಇಂಪೋರ್ಟ್ ಮಾಡಿಕೊಳ್ಳಿ ಎನ್ನುತ್ತದೆ ಅದು.

ಇಷ್ಟು ತಿದ್ದಿದ ಮೇಲೆಯೂ ಹಳೆಯ ಮೌಲ್ಯ ಉಳಿದುಕೊಳ್ಳುವ ಇನ್ನೊಂದು ಸಂದಿಯಿದೆ. ‘ಮುದ್ರಿಸು’ ಎಂಬ ಫಂಕ್ಷನ್‌ನ ಪ್ಯಾರಾಮೀಟರ್‌ಗೆ ‘ಸ್ಥಿತಿ.ಭಾಷೆ’ಯನ್ನು ಡೀಫಾಲ್ಟ್ ಮೌಲ್ಯವಾಗಿ ಕೊಟ್ಟಿದ್ದರೆ, ಆ ಮೌಲ್ಯವನ್ನು ಪೈಥಾನ್ ಲೆಕ್ಕ ಹಾಕುವುದು ಫಂಕ್ಷನ್‌ನ ವ್ಯಾಖ್ಯೆಯ ಸಾಲು ನಡೆದಾಗ ಒಂದೇ ಬಾರಿ. ಅಲ್ಲಿ ‘ಮೌಲ್ಯವಿಲ್ಲ’ ಎಂದು ಸೂಚಿಸುವ ‘ನನ್’ ಕೊಟ್ಟು, ಫಂಕ್ಷನ್‌ನ ಒಳಗೆ ‘ಸ್ಥಿತಿ.ಭಾಷೆ’ಯನ್ನು ಓದಿಕೊಳ್ಳಿ.

ಇನ್ನು, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. ‘ಸ್ಥಿತಿ.ಭಾಷೆ’ಯನ್ನು ಎಲ್ಲರೂ ಓದಬಹುದು ಎಂದಾದ ಕೂಡಲೇ ಎಲ್ಲರೂ ಬರೆಯಬಹುದು ಎಂದೂ ಆಗುತ್ತದೆ. ಒಂದು ಮಾಡ್ಯೂಲ್ ‘ಕನ್ನಡ’ ಎಂದು ಬರೆಯುತ್ತದೆ, ಇನ್ನೊಂದು ಅದೇ ಭಾಷೆಗೆ ಎರಡಕ್ಷರದ ಸಂಕೇತವೊಂದನ್ನು ಬರೆಯುತ್ತದೆ, ಮೂರನೆಯದು ಎರಡನ್ನೂ ಅರಿಯದೆ ಇಂಗ್ಲಿಷ್‌ಗೆ ಮರಳುತ್ತದೆ. ಆದ್ದರಿಂದ ‘ಸ್ಥಿತಿ’ ಮಾಡ್ಯೂಲ್‌ನೊಳಗೆ ‘ಭಾಷೆ_ಬದಲಿಸು’ ಎಂಬ ಒಂದು ಫಂಕ್ಷನ್ ಬರೆದು, ಬಂದ ಮೌಲ್ಯವನ್ನು ಪರಿಶೀಲಿಸಿ ಒಪ್ಪಿಕೊಳ್ಳುವ ಕೆಲಸವನ್ನು ಅದಕ್ಕೆ ಒಪ್ಪಿಸಿ. ಉಳಿದ ಮಾಡ್ಯೂಲ್‌ಗಳು ನೇರವಾಗಿ ನಿಯೋಜನೆ ಮಾಡಬಾರದು ಎಂಬುದನ್ನು ತಂಡದ ಕಟ್ಟುಪಾಡಾಗಿಸಿಕೊಳ್ಳಿ, ಏಕೆಂದರೆ ಪೈಥಾನ್ ಅದನ್ನು ತಾನಾಗಿ ತಡೆಯುವುದಿಲ್ಲ. ಭಾಷೆ ತಪ್ಪಾಗಿ ಬದಲಾದ ದಿನ ಹುಡುಕಬೇಕಾದ ಜಾಗ ಒಂದೇ ಆಗಿರುತ್ತದೆ. ಡೇಟಾಬೇಸ್ ಕಡತದ ವಿಳಾಸ, ಗ್ರಂಥಾಲಯದ ಹೆಸರು ಮುಂತಾಗಿ ಪ್ರೋಗ್ರಾಮ್ ಶುರುವಾದ ಮೇಲೆ ಬದಲಾಗಲೇಬಾರದ ಮಾಹಿತಿಯನ್ನು ಸ್ಥಿತಿಯೊಡನೆ ಬೆರೆಸದೆ ಬೇರೆಯೇ ಇಡಿ. ಮಾಹಿತಿಯ ಅಂಶಗಳನ್ನು ಒಟ್ಟಿಗೆ ಕಟ್ಟಿಡಲು ಪೈಥಾನ್ 3.7ರಲ್ಲಿ ಬಂದ ಡೇಟಾಕ್ಲಾಸ್‌ಗಳನ್ನು ‘ಫ್ರೋಜನ್’ ಎಂದು ಗುರುತಿಸಿದರೆ, ಅವುಗಳ ಅಂಶವನ್ನು ಬದಲಿಸಲು ಹೋದವರಿಗೆ ಕೂಡಲೇ ದೋಷಸಂದೇಶ ಸಿಗುತ್ತದೆ.

ಪ್ರಶ್ನೆ: ನಮ್ಮ ಪ್ರೋಗ್ರಾಮ್ ಶುರುವಾಗುವುದು ‘ಮುಖ್ಯ’ ಎಂಬ ಕಡತದಿಂದ. ಡೇಟಾಬೇಸ್ ಸಂಪರ್ಕವನ್ನು ಅದರಲ್ಲಿಯೇ ತೆರೆದು, ಬೇರೆ ಮಾಡ್ಯೂಲ್‌ಗಳಲ್ಲಿ ‘ಇಂಪೋರ್ಟ್ ಮುಖ್ಯ’ ಎಂದು ಬರೆದು ಬಳಸುತ್ತಿದ್ದೇವೆ. ಸಂಪರ್ಕ ಎರಡು ಬಾರಿ ತೆರೆಯುತ್ತಿದೆ, ಒಂದು ಕಡೆ ಬದಲಿಸಿದ ಮೌಲ್ಯ ಇನ್ನೊಂದು ಕಡೆ ಕಾಣುತ್ತಿಲ್ಲ. ಮಾಡ್ಯೂಲ್ ಒಂದೇ ಬಾರಿ ಲೋಡ್ ಆಗುತ್ತದೆ ಎಂದು ಓದಿದ್ದು ತಪ್ಪೇ?
(ಸಣ್ಣ ಉದ್ದಿಮೆಯೊಂದರ ಲೆಕ್ಕಪತ್ರ ವಿಭಾಗದವರು, ದಾವಣಗೆರೆ)

ಉತ್ತರ: ಓದಿದ್ದು ಸರಿ, ಆದರೆ ಅದಕ್ಕೊಂದು ಷರತ್ತಿದೆ: ಒಂದು ಹೆಸರಿಗೆ ಒಂದು ಬಾರಿ. ನೀವು ನೇರವಾಗಿ ಚಲಾಯಿಸುವ ಕಡತ ‘ಸಿಸ್.ಮಾಡ್ಯೂಲ್ಸ್’ನಲ್ಲಿ ಅದರ ಸ್ವಂತ ಹೆಸರಿನಲ್ಲಿ ದಾಖಲಾಗುವುದಿಲ್ಲ, ‘__ಮೇನ್__’ ಎಂಬ ವಿಶೇಷ ಹೆಸರಿನಲ್ಲಿ ದಾಖಲಾಗುತ್ತದೆ. ಆಮೇಲೆ ಬೇರೊಂದು ಮಾಡ್ಯೂಲ್ ‘ಇಂಪೋರ್ಟ್ ಮುಖ್ಯ’ ಎಂದಾಗ ಪೈಥಾನ್‌ಗೆ ಆ ಹೆಸರಿನ ಮಾಡ್ಯೂಲ್ ಸಿಗದೆ, ಅದೇ ಕಡತವನ್ನು ಎರಡನೆಯ ಬಾರಿ ಮೊದಲಿನಿಂದ ನಡೆಸಿ ಎರಡನೆಯ ಪ್ರತಿಯೊಂದನ್ನು ಸೃಷ್ಟಿಸುತ್ತದೆ. ನಿಮ್ಮ ಎರಡು ಸಂಪರ್ಕಗಳು ಬಂದಿರುವುದು ಹೀಗೆ.

ಸಂಪರ್ಕವನ್ನೂ ಹಂಚಿಕೊಳ್ಳುವ ಉಳಿದ ಮಾಹಿತಿಯನ್ನೂ ಬೇರೆ ಮಾಡ್ಯೂಲ್‌ಗೆ ಸಾಗಿಸಿ. ‘ಮುಖ್ಯ’ದಲ್ಲಿ ಎಲ್ಲವನ್ನೂ ಜೋಡಿಸಿ ಕೆಲಸ ಆರಂಭಿಸುವ ಕೆಲವೇ ಸಾಲುಗಳು ಉಳಿಯಲಿ, ಅದನ್ನು ಯಾರೂ ಇಂಪೋರ್ಟ್ ಮಾಡುವಂತಾಗದಿರಲಿ. ಒಂದೇ ಕಡತವನ್ನು ಕೆಲವರು ‘ಸ್ಥಿತಿ’ ಎಂದೂ ಕೆಲವರು ಪ್ಯಾಕೇಜ್‌ನ ಹೆಸರು ಸೇರಿಸಿ ‘ಲೆಕ್ಕ.ಸ್ಥಿತಿ’ ಎಂದೂ ಇಂಪೋರ್ಟ್ ಮಾಡಿದರೆ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಹೆಸರು ಎರಡಾದ್ದರಿಂದ ಪ್ರತಿಯೂ ಎರಡಾಗುತ್ತದೆ. ಅನುಮಾನ ಬಂದಾಗ ಎರಡೂ ಕಡೆಯಿಂದ ಆ ಮಾಡ್ಯೂಲ್‌ನ ‘ಐಡಿ’ಯನ್ನು ಮುದ್ರಿಸಿ ನೋಡಿ, ಸಂಖ್ಯೆಗಳು ಬೇರೆಯಾಗಿದ್ದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ.

ನಿಮ್ಮ ವಿನ್ಯಾಸದಲ್ಲಿ ‘ಮುಖ್ಯ’ವು ಬೇರೆ ಮಾಡ್ಯೂಲ್‌ಗಳನ್ನೂ ಅವು ‘ಮುಖ್ಯ’ವನ್ನೂ ಇಂಪೋರ್ಟ್ ಮಾಡುತ್ತಿವೆ ಎಂಬುದನ್ನೂ ಗಮನಿಸಿ. ಇಂಥ ಸುತ್ತು ಇಂಪೋರ್ಟ್‌ನಲ್ಲಿ ಅರ್ಧ ಸಿದ್ಧವಾದ ಮಾಡ್ಯೂಲ್ ಇನ್ನೊಂದರ ಕೈಗೆ ಸಿಗುತ್ತದೆ, ಅದರಲ್ಲಿ ಇನ್ನೂ ಹುಟ್ಟಿರದ ಹೆಸರನ್ನು ಕೇಳಿದಾಗ ಪ್ರೋಗ್ರಾಮ್ ನಿಲ್ಲುತ್ತದೆ. ಇಂಪೋರ್ಟ್ ಸಾಲನ್ನು ಫಂಕ್ಷನ್‌ನ ಒಳಗೆ ಬಚ್ಚಿಟ್ಟು ದೋಷಸಂದೇಶವನ್ನು ತಪ್ಪಿಸಬಹುದು, ಆದರೆ ಸುತ್ತು ಹಾಗೆಯೇ ಉಳಿಯುತ್ತದೆ. ಎರಡು ಮಾಡ್ಯೂಲ್‌ಗಳಿಗೂ ಬೇಕಾದದ್ದನ್ನು ಮೂರನೆಯದಕ್ಕೆ ಸರಿಸುವುದೇ ಸರಿಯಾದ ದಾರಿ. ಸ್ಥಿತಿಯ ಮಾಡ್ಯೂಲ್ ನಿಮ್ಮ ಪ್ರೋಗ್ರಾಮ್‌ನ ಬೇರೆ ಯಾವ ಮಾಡ್ಯೂಲನ್ನೂ ಇಂಪೋರ್ಟ್ ಮಾಡದಿದ್ದರೆ ಸುತ್ತು ಅದರ ಮೂಲಕ ಹಾದುಹೋಗಲು ಸಾಧ್ಯವೇ ಇಲ್ಲ.

ಪ್ರಶ್ನೆ: ಗ್ಲೋಬಲ್ ವೇರಿಯಬಲ್ ಬಳಸಬಾರದು ಎಂದು ಪಠ್ಯದಲ್ಲಿದೆ, ನಾವೂ ಹಾಗೆಯೇ ಪಾಠ ಮಾಡುತ್ತೇವೆ. ಮಕ್ಕಳು ಕಾರಣ ಕೇಳಿದಾಗ ತೃಪ್ತಿಕರ ಉತ್ತರ ಕೊಡಲಾಗುತ್ತಿಲ್ಲ. ಈ ಮಾತು ಎಲ್ಲಿಂದ ಬಂದದ್ದು?
(ಪದವಿಪೂರ್ವ ಕಾಲೇಜಿನ ಉಪನ್ಯಾಸಕರು, ಶಿರಸಿ)

ಉತ್ತರ: ಕಹಿ ಅನುಭವದಿಂದ ಬಂದದ್ದು. 1958ರ ಫೋರ್‌ಟ್ರಾನ್ 2ರಲ್ಲಿ ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಕಂಪೈಲ್ ಮಾಡಬಹುದಾದ ಸಬ್‌ರೂಟೀನ್‌ಗಳಾಗಿ ಒಡೆಯುವ ಸೌಲಭ್ಯ ಬಂದಾಗ, ಅವುಗಳ ನಡುವೆ ಮಾಹಿತಿ ಹಂಚಿಕೊಳ್ಳಲು ‘ಕಾಮನ್’ ಎಂಬ ಆದೇಶವೂ ಜೊತೆಗೇ ಬಂತು. ಅದು ಮೆಮೊರಿಯ ಒಂದು ಭಾಗವನ್ನು ಎಲ್ಲ ಸಬ್‌ರೂಟೀನ್‌ಗಳಿಗೂ ತೆರೆದಿಡುತ್ತಿತ್ತು. ಅಲ್ಲಿ ಹೊಂದಾಣಿಕೆ ನಡೆಯುತ್ತಿದ್ದುದು ವೇರಿಯಬಲ್‌ಗಳ ಹೆಸರಿನಿಂದಲ್ಲ, ಅವುಗಳನ್ನು ಬರೆದ ಅನುಕ್ರಮದಿಂದ. ಒಂದು ಸಬ್‌ರೂಟೀನ್‌ನಲ್ಲಿ ಪಟ್ಟಿಯ ನಡುವೆ ಹೊಸ ವೇರಿಯಬಲ್ ಸೇರಿಸಿ ಇನ್ನೊಂದರಲ್ಲಿ ಸೇರಿಸಲು ಮರೆತರೆ, ಉಳಿದ ಮೌಲ್ಯಗಳೆಲ್ಲ ಒಂದೊಂದು ಸ್ಥಾನ ಜಾರಿ, ಒಬ್ಬರು ವೇಗವೆಂದು ಬರೆದದ್ದನ್ನು ಇನ್ನೊಬ್ಬರು ತೂಕವೆಂದು ಓದುವಂತಾಗುತ್ತಿತ್ತು, ಮತ್ತು ಕಂಪೈಲರ್ ಅದನ್ನು ಕಂಡುಹಿಡಿಯುತ್ತಿರಲಿಲ್ಲ.

1972ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಪಾರ್ನಸ್ ಅವರು ಪ್ರಕಟಿಸಿದ ಲೇಖನವೊಂದು ಈ ಚರ್ಚೆಯ ಬುನಾದಿ. ಸಾಲುಗಳಲ್ಲಿರುವ ಪದಗಳನ್ನು ಒಂದೊಂದಾಗಿ ಮುಂದಕ್ಕೆ ತಿರುಗಿಸಿ ಅಕಾರಾದಿಯಾಗಿ ಜೋಡಿಸುವ ಸಣ್ಣ ಸೂಚಿ ಪ್ರೋಗ್ರಾಮೊಂದನ್ನು ಅವರು ಎರಡು ರೀತಿಯಲ್ಲಿ ಒಡೆದು ತೋರಿಸಿದರು. ಮೊದಲ ರೀತಿಯಲ್ಲಿ ಓದುವುದು, ತಿರುಗಿಸುವುದು, ಜೋಡಿಸುವುದು, ಮುದ್ರಿಸುವುದು ಎಂದು ಕೆಲಸದ ಹಂತಕ್ಕೊಂದು ಮಾಡ್ಯೂಲ್, ನಡುವೆ ಎಲ್ಲರೂ ಮುಟ್ಟುವ ದತ್ತಾಂಶ. ಸಾಲುಗಳನ್ನು ಮೆಮೊರಿಯಲ್ಲಿ ಇಡುವ ಬಗೆಯನ್ನು ಬದಲಿಸಬೇಕೆಂದರೆ ಆಗ ಪ್ರತಿ ಮಾಡ್ಯೂಲನ್ನೂ ತಿದ್ದಬೇಕಾಗುತ್ತಿತ್ತು. ಎರಡನೆಯ ರೀತಿಯಲ್ಲಿ ಸಾಲುಗಳ ಸಂಗ್ರಹವನ್ನು ಒಂದು ಮಾಡ್ಯೂಲ್ ತನ್ನೊಳಗೆ ಮರೆಮಾಡಿಕೊಂಡು, ಉಳಿದವುಗಳಿಗೆ ಕೇಳಿ ಪಡೆಯುವ ಫಂಕ್ಷನ್‌ಗಳನ್ನು ಮಾತ್ರ ಕೊಡುತ್ತಿತ್ತು. ಅದೇ ಬದಲಾವಣೆ ಆ ಒಂದು ಮಾಡ್ಯೂಲ್‌ನಲ್ಲಿಯೇ ಮುಗಿಯುತ್ತಿತ್ತು. ಮರುವರ್ಷ, 1973ರಲ್ಲಿ, ಅದೇ ವಿಶ್ವವಿದ್ಯಾಲಯದ ವಿಲಿಯಂ ವುಲ್ಫ್ ಮತ್ತು ಮೇರಿ ಶಾ ಅವರು ಗ್ಲೋಬಲ್ ವೇರಿಯಬಲ್‌ಗಳು ಹಾನಿಕರವೆಂದು ನೇರವಾಗಿ ವಾದಿಸಿದರು.

ನಿಮ್ಮ ವಿದ್ಯಾರ್ಥಿಗಳಿಗೆ ನಿಷೇಧವನ್ನು ಹೇಳುವುದಕ್ಕಿಂತ ಪಾರ್ನಸ್ ಅವರ ಪ್ರಯೋಗವನ್ನೇ ತರಗತಿಯಲ್ಲಿ ಮಾಡಿಸಿ. ಐವತ್ತು ಸಾಲಿನ ಪ್ರೋಗ್ರಾಮ್ ಸಾಕು. ಎರಡು ರೀತಿಯಲ್ಲಿ ಬರೆಸಿ, ಆಮೇಲೆ ಪಟ್ಟಿಯಲ್ಲಿದ್ದ ದತ್ತಾಂಶವನ್ನು ಡಿಕ್ಷನರಿಗೆ ಬದಲಿಸಲು ಹೇಳಿ, ಎಷ್ಟು ಕಡೆ ತಿದ್ದಬೇಕಾಯಿತು ಎಂದು ಅವರಿಂದಲೇ ಎಣಿಸಿಸಿ. ಆ ಎಣಿಕೆಯೇ ನೀವು ಹುಡುಕುತ್ತಿರುವ ಉತ್ತರ. ಒಬ್ಬರೇ ಬರೆದು ಒಂದೇ ದಿನ ಬಳಸುವ ಸಣ್ಣ ಸ್ಕ್ರಿಪ್ಟ್‌ನಲ್ಲಿ ಗ್ಲೋಬಲ್ ವೇರಿಯಬಲ್ ಇದ್ದರೆ ಅಂಕ ಕಳೆಯಬೇಕೆಂದು ನನಗನ್ನಿಸುವುದಿಲ್ಲ.

ಪ್ರಶ್ನೆ: ಒಂದು ಗ್ರಂಥಾಲಯದ ಪ್ರೋಗ್ರಾಮನ್ನು ಫ್ಲಾಸ್ಕ್ ಎಂಬ ಪೈಥಾನ್ ವೆಬ್ ಚೌಕಟ್ಟು ಬಳಸಿ ವೆಬ್‌ಗೆ ತಂದಿದ್ದೇವೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಿತ್ತು. ಸರ್ವರ್‌ನಲ್ಲಿ ಗುನಿಕಾರ್ನ್ ಎಂಬ ವೆಬ್ ಸರ್ವರ್ ತಂತ್ರಾಂಶದ ಮೂಲಕ ನಾಲ್ಕು ವರ್ಕರ್‌ಗಳೊಂದಿಗೆ ನಡೆಸಿದಾಗ, ಪುಟವನ್ನು ರಿಫ್ರೆಶ್ ಮಾಡಿದಂತೆಲ್ಲ ‘ಲಭ್ಯ ಪ್ರತಿಗಳು’ ಎಂಬ ಸಂಖ್ಯೆ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಈ ಸಂಖ್ಯೆ ಮತ್ತು ಈಗ ಲಾಗಿನ್ ಆಗಿರುವ ಸದಸ್ಯರ ಹೆಸರು ‘ಸ್ಥಿತಿ’ ಮಾಡ್ಯೂಲ್‌ನಲ್ಲಿವೆ. ಒಮ್ಮೆಗೆ ಒಬ್ಬರೇ ಬದಲಿಸುವಂತೆ ಲಾಕ್ ಹಾಕಿದರೆ ಸರಿಹೋಗುತ್ತದೆಯೇ?
(ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು)

ಉತ್ತರ: ಲಾಕ್‌ನಿಂದ ಸರಿಹೋಗುವುದಿಲ್ಲ. ಸದಸ್ಯರ ಹೆಸರನ್ನಂತೂ ಇಂದೇ ಅಲ್ಲಿಂದ ತೆಗೆಯಿರಿ.

ಮೊದಲು ಸಂಖ್ಯೆಯ ವಿಷಯ. ನಾಲ್ಕು ವರ್ಕರ್‌ಗಳೆಂದರೆ ನಾಲ್ಕು ಪ್ರತ್ಯೇಕ ಪ್ರೊಸೆಸ್‌ಗಳು, ಅಂದರೆ ಪ್ರತ್ಯೇಕವಾಗಿ ನಡೆಯುತ್ತಿರುವ ನಾಲ್ಕು ಪ್ರೋಗ್ರಾಮ್‌ಗಳು. ಆಪರೇಟಿಂಗ್ ಸಿಸ್ಟಂ ಪ್ರತಿ ಪ್ರೊಸೆಸ್‌ಗೂ ತನ್ನದೇ ಮೆಮೊರಿ ಕೊಡುತ್ತದೆ. ಮಾಡ್ಯೂಲ್‌ನ ಪ್ರತಿ ಒಂದೇ ಇರುತ್ತದೆ ಎಂದು ಮೇಲೆ ಹೇಳಿದ ಮಾತು ಒಂದು ಪ್ರೊಸೆಸ್‌ನ ಒಳಗೆ ಮಾತ್ರ ನಿಜ; ಇಲ್ಲಿ ‘ಸ್ಥಿತಿ’ಯ ನಾಲ್ಕು ಪ್ರತಿಗಳಿವೆ, ಒಂದೊಂದೂ ತಾನು ಕಂಡ ವಿನಂತಿಗಳನ್ನಷ್ಟೇ ಎಣಿಸುತ್ತದೆ. ನಿಮ್ಮ ಬ್ರೌಸರ್‌ನ ವಿನಂತಿ ಯಾವ ವರ್ಕರ್‌ಗೆ ಹೋಯಿತೋ ಅದರ ಸಂಖ್ಯೆ ನಿಮಗೆ ಕಾಣುತ್ತದೆ. ಗುನಿಕಾರ್ನ್‌ನ ‘ಪ್ರಿಲೋಡ್’ ಆಯ್ಕೆಯನ್ನು ಕೆಲವರು ಇದಕ್ಕೆ ಪರಿಹಾರವೆಂದು ಸೂಚಿಸುವುದುಂಟು. ಅದು ಅಪ್ಲಿಕೇಶನ್ ಅನ್ನು ಮೊದಲು ಲೋಡ್ ಮಾಡಿ ಆಮೇಲೆ ವರ್ಕರ್‌ಗಳಾಗಿ ಕವಲೊಡೆಯುತ್ತದೆ, ನಿಜ. ಆದರೆ ಒಂದು ವರ್ಕರ್ ಬರೆದ ಕೂಡಲೇ ಮೆಮೊರಿಯ ಆ ಪುಟ ಅದರದ್ದೇ ಪ್ರತಿಯಾಗಿ ಬೇರ್ಪಡುತ್ತದೆ. ಮೆಮೊರಿ ಉಳಿಸಲು ಅದು ಉಪಯುಕ್ತ, ಸ್ಥಿತಿ ಹಂಚಿಕೊಳ್ಳಲು ಅಲ್ಲ. ವರ್ಕರ್ ಸಂಖ್ಯೆಯನ್ನು ಒಂದಕ್ಕೆ ಇಳಿಸಿದರೆ ರೋಗಲಕ್ಷಣ ಮಾಯವಾಗುತ್ತದೆ, ಆದರೆ ಸರ್ವರ್ ಮರುಚಾಲನೆಯಾದ ಕೂಡಲೇ ಎಣಿಕೆ ಅಳಿಸಿಹೋಗುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯೆನಿಸಿದ್ದು ಅಲ್ಲಿ ಪ್ರೊಸೆಸ್ ಒಂದೇ ಇದ್ದುದರಿಂದ.

‘ಥ್ರೆಡಿಂಗ್’ ಮಾಡ್ಯೂಲ್‌ನ ಲಾಕ್ ಒಂದು ಪ್ರೊಸೆಸ್‌ನೊಳಗೆ ಜೊತೆಜೊತೆಗೆ ನಡೆಯುವ ಥ್ರೆಡ್‌ಗಳ ನಡುವೆ ಮಾತ್ರ ಕೆಲಸ ಮಾಡುತ್ತದೆ. ಅಲ್ಲಿ ಅದು ಬೇಕೇ ಬೇಕು, ಏಕೆಂದರೆ ‘ಪ್ರತಿಗಳು’ ಎಂಬ ಸಂಖ್ಯೆಯಿಂದ ಒಂದನ್ನು ಕಳೆಯುವ ಒಂದು ಸಾಲಿನಲ್ಲಿ ಓದುವುದು, ಕಳೆಯುವುದು, ಬರೆಯುವುದು ಎಂಬ ಮೂರು ಹೆಜ್ಜೆಗಳಿವೆ. ಎರಡು ಥ್ರೆಡ್‌ಗಳು ಒಂದೇ ಮೌಲ್ಯವನ್ನು ಓದಿ, ಎರಡೂ ಕಳೆದು ಬರೆದರೆ ಒಂದು ಕಳೆತ ಕಳೆದುಹೋಗುತ್ತದೆ. ಪೈಥಾನ್‌ನ ಒಳಗಿರುವ ಜಿಐಎಲ್ ಎಂಬ ಬೀಗ ಇದನ್ನು ತಡೆಯುತ್ತದೆ ಎಂದು ನಂಬಿದವರು ಹಲವರಿದ್ದಾರೆ. ಅದು ಇಂಟರ್‌ಪ್ರಿಟರ್‌ನ ಒಳರಚನೆಯನ್ನು ಕಾಯುತ್ತದೆ, ನಿಮ್ಮ ಲೆಕ್ಕವನ್ನು ಕಾಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ ಮೊದಲು ಪ್ರಾಯೋಗಿಕವಾಗಿ ಕಾಣಿಸಿಕೊಂಡ, ಆ ಬೀಗವಿಲ್ಲದ ಆವೃತ್ತಿಯೂ ಲಭ್ಯವಿರುವುದರಿಂದ, ಅದನ್ನು ನೆಚ್ಚಿಕೊಂಡು ಬರೆದ ಪ್ರೋಗ್ರಾಮ್‌ಗಳನ್ನು ಈಗಲೇ ತಿದ್ದಿಕೊಳ್ಳುವುದು ಒಳ್ಳೆಯದು.

ಲಭ್ಯ ಪ್ರತಿಗಳ ಸಂಖ್ಯೆಗೆ ಒಡೆಯ ಡೇಟಾಬೇಸ್ ಆಗಿರಬೇಕು, ಮಾಡ್ಯೂಲ್ ಅಲ್ಲ. ಅಲ್ಲಿಯೂ ಸಂಖ್ಯೆಯನ್ನು ಓದಿ, ಪೈಥಾನ್‌ನಲ್ಲಿ ಸೊನ್ನೆಗಿಂತ ಹೆಚ್ಚಿದೆಯೇ ಎಂದು ನೋಡಿ, ಆಮೇಲೆ ಹೊಸ ಸಂಖ್ಯೆಯನ್ನು ಬರೆಯುವ ಕ್ರಮ ಬೇಡ. ಓದಿದ ಮತ್ತು ಬರೆದ ಕ್ಷಣಗಳ ನಡುವೆ ಇನ್ನೊಬ್ಬ ಓದುಗರು ನುಸುಳಿ, ಕೊನೆಯ ಒಂದು ಪ್ರತಿ ಇಬ್ಬರ ಹೆಸರಿಗೂ ದಾಖಲಾಗಬಹುದು. ‘ಪ್ರತಿಗಳು ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಒಂದನ್ನು ಕಳೆ’ ಎಂಬ ಷರತ್ತನ್ನೂ ಕಳೆತವನ್ನೂ ಒಂದೇ ಅಪ್‌ಡೇಟ್ ಆದೇಶದಲ್ಲಿ ಸೇರಿಸಿ ಕಳುಹಿಸಿ, ಎಷ್ಟು ಸಾಲುಗಳು ಬದಲಾದವು ಎಂದು ಕೇಳಿ. ಒಂದು ಸಾಲು ಬದಲಾಗಿದ್ದರೆ ಪುಸ್ತಕ ಸಿಕ್ಕಿದೆ, ಸೊನ್ನೆಯಾಗಿದ್ದರೆ ಇಲ್ಲ. ಈ ಕೆಲಸಕ್ಕೆ ಭಾರಿ ಡೇಟಾಬೇಸ್ ಬೇಕಿಲ್ಲ. ಎಸ್‌ಕ್ಯೂಲೈಟ್ ಒಂದು ಸಮಯಕ್ಕೆ ಒಬ್ಬರಿಗೆ ಮಾತ್ರ ಬರೆಯಲು ಬಿಡುತ್ತದೆ, ಒಂದು ಊರಿನ ಗ್ರಂಥಾಲಯಕ್ಕೆ ಆ ಮಿತಿ ತೊಡಕೇನಲ್ಲ. ಅದರ ಕಡತ ಸರ್ವರ್‌ನ ಸ್ವಂತ ಡಿಸ್ಕ್‌ನಲ್ಲಿಯೇ ಇರಲಿ, ನೆಟ್‌ವರ್ಕ್ ಮೂಲಕ ಹಂಚಿಕೊಂಡ ಫೋಲ್ಡರ್‌ನಲ್ಲಿ ಬೇಡ.

ಸದಸ್ಯರ ಹೆಸರಿನ ವಿಷಯ ಇದಕ್ಕಿಂತ ಗಂಭೀರ. ‘ಈಗಿನ ಸದಸ್ಯ’ ಎಂಬುದು ಅಪ್ಲಿಕೇಶನ್‌ನ ಸ್ಥಿತಿಯೇ ಅಲ್ಲ. ಅದು ಒಂದು ವಿನಂತಿಗೆ ಮಾತ್ರ ಸೇರಿದ ಮಾಹಿತಿ. ಅದನ್ನು ಮಾಡ್ಯೂಲ್‌ನಲ್ಲಿ ಇಟ್ಟರೆ, ಒಬ್ಬರು ಲಾಗಿನ್ ಆದ ಮರುಕ್ಷಣ ಇನ್ನೊಬ್ಬರು ಲಾಗಿನ್ ಆದಾಗ ಮೊದಲಿನವರ ಪುಟದಲ್ಲಿ ಎರಡನೆಯವರ ವಿವರಗಳು ಕಾಣಿಸಿಕೊಳ್ಳಬಹುದು. ಯಾರು ಯಾವ ಪುಸ್ತಕ ಓದುತ್ತಾರೆ ಎಂಬುದು ಅವರ ಖಾಸಗಿ ವಿಷಯ, ಅದನ್ನು ಕಾಪಾಡುವ ಹೊಣೆ ಪ್ರೋಗ್ರಾಮ್ ಬರೆದವರದ್ದು. ಫ್ಲಾಸ್ಕ್‌ನಲ್ಲಿ ಲಾಗಿನ್ ಆದವರನ್ನು ನೆನಪಿಡುವ ಸೆಷನ್‌ನಿಂದ ಸದಸ್ಯರ ಗುರುತನ್ನು ಓದಿ, ಆ ವಿನಂತಿ ಮುಗಿಯುವವರೆಗೆ ‘ಜಿ’ ಎಂಬ ಆಬ್ಜೆಕ್ಟ್‌ನಲ್ಲಿ ಇಟ್ಟುಕೊಳ್ಳಿ. ನೋಡಲು ಗ್ಲೋಬಲ್‌ನಂತೆ ಇಂಪೋರ್ಟ್ ಆಗುವ ಈ ‘ಜಿ’ ಪ್ರತಿ ವಿನಂತಿಗೂ ಬೇರೆಯಾಗಿರುತ್ತದೆ. ಫ್ಲಾಸ್ಕ್ ಇಲ್ಲದ ಕಡೆ ಇದೇ ಕೆಲಸಕ್ಕೆ ಪೈಥಾನ್ 3.7ರಿಂದ ‘ಕಾಂಟೆಕ್ಸ್ಟ್‌ವಾರ್ಸ್’ ಎಂಬ ಮಾಡ್ಯೂಲ್ ಇದೆ. ಒಂದೇ ಥ್ರೆಡ್‌ನಲ್ಲಿ ಹಲವು ಕೆಲಸಗಳು ಸರದಿಯಂತೆ ಮುಂದುವರಿಯುವ ಅಸಿಂಕ್ ಪ್ರೋಗ್ರಾಮ್‌ಗಳಲ್ಲಿಯೂ ಅದು ಒಬ್ಬರದ್ದನ್ನು ಇನ್ನೊಬ್ಬರಿಗೆ ಬೆರೆಸುವುದಿಲ್ಲ.

ಪ್ರಶ್ನೆ: ಜಾವಾಸ್ಕ್ರಿಪ್ಟ್‌ನಲ್ಲಿಯೂ ಇಂಪೋರ್ಟ್ ಮಾಡಿದ ಹೆಸರು ಹಳೆಯ ಮೌಲ್ಯವನ್ನೇ ಹಿಡಿದಿರುತ್ತದೆಯೇ?
(ಓದುಗರು, ಬೆಳಗಾವಿ)

ಉತ್ತರ: 2015ರ ಆವೃತ್ತಿಯಲ್ಲಿ ಬಂದ ಮಾಡ್ಯೂಲ್ ವ್ಯವಸ್ಥೆಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಇಂಪೋರ್ಟ್ ಮಾಡಿದ ಹೆಸರು ಮೂಲ ಮಾಡ್ಯೂಲ್‌ನ ವೇರಿಯಬಲ್‌ಗೇ ಕೊಂಡಿಯಾಗಿರುತ್ತದೆ, ಅದು ಬದಲಾದರೆ ಇಲ್ಲಿಯೂ ಹೊಸ ಮೌಲ್ಯ ಕಾಣುತ್ತದೆ. ಇಂಪೋರ್ಟ್ ಮಾಡಿದವರು ಆ ಹೆಸರಿಗೆ ಬೇರೆ ಮೌಲ್ಯ ನಿಯೋಜಿಸಲು ಹೋದರೆ ಭಾಷೆಯೇ ತಡೆಯುತ್ತದೆ. ಬದಲಾವಣೆ ಮೂಲ ಮಾಡ್ಯೂಲ್‌ನ ಫಂಕ್ಷನ್ ಮೂಲಕವೇ ಆಗಬೇಕು. ಪೈಥಾನ್‌ನಲ್ಲಿ ಕಟ್ಟುಪಾಡಿನಿಂದ ಸಾಧಿಸಬೇಕಾದದ್ದನ್ನು ಇಲ್ಲಿ ನಿಯಮವಾಗಿಸಿರುವುದು ನನಗೆ ಮೆಚ್ಚುಗೆಯಾದ ವಿನ್ಯಾಸ. ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ನಡೆಸುವ ನೋಡ್‌ನ ಹಳೆಯ ‘ರಿಕ್ವೈರ್’ ಶೈಲಿಯಲ್ಲಿ ಮಾತ್ರ ಆಬ್ಜೆಕ್ಟನ್ನು ಬಿಡಿಸಿ ಹೆಸರು ತೆಗೆದುಕೊಂಡರೆ ಪೈಥಾನ್‌ನ ಫ್ರಮ್-ಇಂಪೋರ್ಟ್‌ನಂತೆಯೇ ಅದು ಆ ಕ್ಷಣದ ಮೌಲ್ಯದಲ್ಲಿಯೇ ನಿಲ್ಲುತ್ತದೆ.

ಪ್ರಶ್ನೆ: ಪ್ರೋಗ್ರಾಮ್‌ನ ಸರಿತಪ್ಪು ನೋಡಲು ನಮ್ಮ ತಂಡ ಬರೆದ ಪರೀಕ್ಷೆಗಳನ್ನು (ಟೆಸ್ಟ್) ಒಂದೊಂದಾಗಿ ನಡೆಸಿದರೆ ತೇರ್ಗಡೆಯಾಗುತ್ತವೆ, ಒಟ್ಟಿಗೆ ನಡೆಸಿದರೆ ಕೆಲವು ವಿಫಲವಾಗುತ್ತವೆ. ಸ್ಥಿತಿಯನ್ನು ಫಂಕ್ಷನ್‌ಗಳಿಗೆ ಆರ್ಗ್ಯುಮೆಂಟ್ ಆಗಿ ಕೊಡಿ ಎನ್ನುತ್ತಾರೆ ಹಿರಿಯರು. ಆದರೆ ಹತ್ತು ಫಂಕ್ಷನ್‌ಗಳ ಮೂಲಕ ಅದನ್ನು ಸಾಗಿಸಬೇಕಾದ ಹೊರೆ ಬರುತ್ತದಲ್ಲವೇ?
(ಪ್ರೋಗ್ರಾಮರ್, ಮಂಗಳೂರು)

ಉತ್ತರ: ಪರೀಕ್ಷೆಗಳೆಲ್ಲ ಒಂದೇ ಪ್ರೊಸೆಸ್‌ನಲ್ಲಿ ಒಂದಾದ ಮೇಲೊಂದು ನಡೆಯುವುದರಿಂದ, ಒಂದು ಪರೀಕ್ಷೆ ‘ಸ್ಥಿತಿ’ ಮಾಡ್ಯೂಲ್‌ನಲ್ಲಿ ಬಿಟ್ಟುಹೋದ ಮೌಲ್ಯ ಮುಂದಿನದಕ್ಕೆ ದಾಟಿಕೊಳ್ಳುತ್ತದೆ. ತಾತ್ಕಾಲಿಕವಾಗಿ ಪೈಟೆಸ್ಟ್ ಎಂಬ ಪರೀಕ್ಷಾ ಸಾಧನದ ‘ಮಂಕಿಪ್ಯಾಚ್’ ಸೌಲಭ್ಯವನ್ನು ಬಳಸಿದರೆ, ಪರೀಕ್ಷೆ ಮುಗಿದ ಕೂಡಲೇ ಅದು ಹಳೆಯ ಮೌಲ್ಯವನ್ನು ಮರಳಿಸುತ್ತದೆ. ಆದರೆ ನಿಮ್ಮ ಹಿರಿಯರ ಸಲಹೆಯನ್ನೇ ನಾನು ಬೆಂಬಲಿಸುತ್ತೇನೆ.

ಹೊರೆಯ ಬಗ್ಗೆ ನಿಮ್ಮ ಆತಂಕ ನಿರಾಧಾರವಲ್ಲ. ಅದನ್ನು ಕಡಿಮೆ ಮಾಡಲು, ಹಂಚಿಕೊಳ್ಳುವ ಮಾಹಿತಿಯನ್ನು ಒಂದು ಕ್ಲಾಸ್‌ನ ಆಬ್ಜೆಕ್ಟ್‌ನಲ್ಲಿ ಕೂಡಿಸಿ, ಪ್ರೋಗ್ರಾಮ್ ಶುರುವಾಗುವ ಕಡೆ ಒಮ್ಮೆ ಸೃಷ್ಟಿಸಿ, ‘ವರದಿ’, ‘ಸಾಲ’, ‘ಸದಸ್ಯತ್ವ’ ಮುಂತಾದ ಭಾಗಗಳನ್ನೂ ಕ್ಲಾಸ್‌ಗಳಾಗಿಸಿ ಅವುಗಳ ಕನ್‌ಸ್ಟ್ರಕ್ಟರ್‌ಗೆ (ಆಬ್ಜೆಕ್ಟ್ ಸೃಷ್ಟಿಯಾಗುವಾಗ ನಡೆಯುವ ಮೆಥಡ್‌ಗೆ) ಅದನ್ನು ಕೊಡಿ. ಆಮೇಲೆ ಒಳಗಿನ ಮೆಥಡ್‌ಗಳಿಗೆ ಅದು ತಾನಾಗಿ ದೊರೆಯುತ್ತದೆ. ಪರೀಕ್ಷೆಯೊಂದಕ್ಕೆ ಬೇಕಾದ ಹೊಸ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಸೃಷ್ಟಿಸಬಹುದು, ಅದು ಬೇರೆ ಪರೀಕ್ಷೆಗೆ ಸೋರುವುದೂ ಇಲ್ಲ.

ಇಡೀ ಆಬ್ಜೆಕ್ಟನ್ನು ಎಲ್ಲರಿಗೂ ಕೊಡುವ ಅಭ್ಯಾಸವನ್ನೂ ಅತಿಯಾಗಿಸಬೇಡಿ. ದಂಡದ ಮೊತ್ತವನ್ನು ಲೆಕ್ಕ ಹಾಕುವ ಫಂಕ್ಷನ್‌ಗೆ ಬೇಕಿರುವುದು ಎರಡು ದಿನಾಂಕಗಳು ಮತ್ತು ದಿನದ ದರ ಮಾತ್ರ. ಅದಕ್ಕೆ ಸ್ಥಿತಿಯ ಅರಿವೇ ಇರಬೇಕಿಲ್ಲ. ಹತ್ತು ಫಂಕ್ಷನ್‌ಗಳ ಸರಪಳಿಯನ್ನು ಒಮ್ಮೆ ಕೂತು ನೋಡಿದರೆ ಅವುಗಳಲ್ಲಿ ಬಹುಪಾಲು ಇಂಥ ಶುದ್ಧ ಲೆಕ್ಕಗಳೇ ಆಗಿರುತ್ತವೆ, ಸ್ಥಿತಿಯನ್ನು ನಿಜವಾಗಿ ಓದುವ ಅಥವಾ ಬದಲಿಸುವ ಜಾಗಗಳು ಎರಡೋ ಮೂರೋ ಇರುತ್ತವೆ. ಆ ಜಾಗಗಳನ್ನು ಸರಪಳಿಯ ಮೇಲ್ತುದಿಗೆ ತಂದು, ಕೆಳಗಿನ ಫಂಕ್ಷನ್‌ಗಳಿಗೆ ಬೇಕಾದ ಮೌಲ್ಯಗಳನ್ನಷ್ಟೇ ಕಳುಹಿಸಿ. ಈಗ ಒಟ್ಟಿಗೆ ನಡೆಸಿದಾಗ ವಿಫಲವಾಗುತ್ತಿರುವ ಪರೀಕ್ಷೆಗಳಿಂದಲೇ ಈ ಕೆಲಸವನ್ನು ಆರಂಭಿಸಿ, ಏಕೆಂದರೆ ಸ್ಥಿತಿ ಎಲ್ಲಿ ಸೋರುತ್ತಿದೆ ಎಂಬುದನ್ನು ಅವು ಈಗಾಗಲೇ ತೋರಿಸಿಕೊಟ್ಟಿವೆ.